ಹೃದಯದ ತೊಂದರೆ ಇರುವ ಕೂಸಿನ ಮಿದುಳು: ಮನೆಯಲ್ಲಿ ನೋಡಿಕೊಳ್ಳುವ ಬಗೆ

ಹುಟ್ಟುವ ಪ್ರತಿ 1000 ಕೂಸುಗಳಲ್ಲಿ 8ರಿಂದ 10 ಕೂಸುಗಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಎಕೋ (ಹೃದಯದ ಸ್ಕ್ಯಾನ್) ಆಗಿ ಆಪರೇಷನ್ ತಾರೀಖು ಸಿಗುವತನಕ ಮನೆಮಂದಿಯ ಕಣ್ಣೆಲ್ಲ ಎದೆಯ ಮೇಲೆ. ತೂತು ಮುಚ್ಚಿದರೆ ಚಿಂತೆ ತೀರಿತು ಅಂದುಕೊಳ್ಳುತ್ತಾರೆ. ಆದರೆ ಈ ಮಕ್ಕಳಲ್ಲಿ ಮೊದಲ ವರ್ಷ ಕುತ್ತಿಗೆ ನಿಲ್ಲುವುದು, ಕೂಡುವುದು ತಡವಾಗಬಹುದು. ಎರಡು-ಮೂರನೇ ವರ್ಷಕ್ಕೆ ಮಾತು, ಶಾಲೆಗೆ ಸೇರಿದ ಮೇಲೆ ಗಮನ ಮತ್ತು ಲೆಕ್ಕ ಹಿಂದೆ ಬೀಳಬಹುದು. ಮೈ ನೀಲಿಯಾಗುವ ದೋಷ ಇದ್ದವರು, ಮೊದಲ ವರ್ಷದೊಳಗೇ ತೆರೆದ ಹೃದಯದ ಆಪರೇಷನ್ ಆದವರು, ತಿಂಗಳು ತುಂಬದೆ ಹುಟ್ಟಿದವರು, ಡೌನ್ ಸಿಂಡ್ರೋಮ್ ಇರುವವರು, ಐಸಿಯುನಲ್ಲಿ ವಾರಗಟ್ಟಲೆ ಇದ್ದವರು: ಇವರಿಗೆ ಅಪಾಯ ಹೆಚ್ಚು. ತಾನಾಗಿ ಮುಚ್ಚಿಕೊಳ್ಳುವ ಸಣ್ಣ ತೂತಿಗೆ ಇಷ್ಟೆಲ್ಲ ಹೆದರಬೇಕಿಲ್ಲ.

ಕಾರಣ ತಾಯಿಯ ಹೊಟ್ಟೆಯೊಳಗೇ ಶುರುವಾಗುತ್ತದೆ. ದೊಡ್ಡ ರಕ್ತನಾಳಗಳೆರಡು ಅದಲುಬದಲಾಗಿದ್ದರೆ ಅಥವಾ ಹೃದಯದ ಎಡಭಾಗ ಬೆಳೆಯದಿದ್ದರೆ, ಮಿದುಳಿಗೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆ, ಇಲ್ಲವೇ ರಕ್ತವೇ ಕಡಿಮೆ. ಅಂಥ ಕೂಸು ಒಂಬತ್ತು ತಿಂಗಳು ತುಂಬಿಯೇ ಹುಟ್ಟಿದರೂ ಎಂಆರ್‌ಐನಲ್ಲಿ ಅದರ ಮಿದುಳು ಸುಮಾರು ಒಂದು ತಿಂಗಳು ಎಳೆಯದಾಗಿ ಕಾಣುತ್ತದೆ. ಎಳೆಯ ಮಿದುಳು ಆಮ್ಲಜನಕದ ಕೊರತೆಗೆ ಬೇಗ ಪೆಟ್ಟು ತಿನ್ನುತ್ತದೆ. ಬಸುರಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೋದರ ಸಂಬಂಧದ ಮದುವೆಯಲ್ಲಿ ಹೃದಯದ ದೋಷ ಸ್ವಲ್ಪ ಹೆಚ್ಚು ಎನ್ನುವುದು ನಿಜ, ಆದರೆ ಅದಕ್ಕಾಗಿ ತಾಯಿಯನ್ನು ದೂರಿ ಫಲವಿಲ್ಲ. ಮುಂದಿನ ಬಸುರಿಯಲ್ಲಿ 18ರಿಂದ 22 ವಾರದೊಳಗೆ ಹೊಟ್ಟೆಯ ಕೂಸಿನ ಹೃದಯದ ಎಕೋ ಮಾಡಿಸಿ.

ತಾಯಿ ಕಾರ್ಡಿನಲ್ಲಿ ಬರೆದಿಡಿ

ದೋಷದ ಹೆಸರು, ಔಷಧಗಳ ಹೆಸರು ಮತ್ತು ಎಷ್ಟು ಎಂಎಲ್, ಹಾಗೆಯೇ ನಿಮ್ಮ ಕೂಸಿಗೆ ಸಾಮಾನ್ಯವಾಗಿ ಇರುವ ಆಕ್ಸಿಜನ್ ಮಟ್ಟ. ಈ ಕೊನೆಯದನ್ನು ಹೃದಯದ ಡಾಕ್ಟರರಿಂದಲೇ ಕೇಳಿ ಬರೆಸಿಕೊಳ್ಳಿ. ಹಂತಹಂತವಾಗಿ ಆಪರೇಷನ್ ಆಗುವ ಕೆಲವು ಮಕ್ಕಳಿಗೆ 75ರಿಂದ 85 ಇರುವುದೇ ಸರಿ. ಹೊಸ ಡಾಕ್ಟರ್ ಅದನ್ನು 98ಕ್ಕೆ ಏರಿಸಲು ಹೋದರೆ ರಕ್ತ ಶ್ವಾಸಕೋಶಕ್ಕೇ ನುಗ್ಗಿ ಮೈಗೆ ಕಡಿಮೆಯಾಗುತ್ತದೆ. ಉಗುರಿಗೆ ಮೆಹಂದಿ, ಬಣ್ಣ ಹಚ್ಚಬೇಡಿ. ನೀಲಿ ಗೊತ್ತಾಗುವುದಿಲ್ಲ, ಬೆರಳಿನ ಯಂತ್ರವೂ ತಪ್ಪು ತೋರಿಸಬಹುದು.

ಹಾಲು, ತೂಕ

ಮಿದುಳು ಬೆಳೆಯುವುದು ತಿಂದದ್ದರಿಂದಲೇ. ಉಸಿರಾಡಲು ಕಷ್ಟಪಡುವ ಕೂಸು ಹಾಲು ಕುಡಿಯುವಷ್ಟರಲ್ಲೇ ದಣಿದು, ಹಣೆ ಬೆವತು ಮಲಗಿಬಿಡುತ್ತದೆ. ಒಂದು ಸಲಕ್ಕೆ 20ರಿಂದ 30 ನಿಮಿಷಕ್ಕಿಂತ ಹೆಚ್ಚು ಎದೆಗೆ ಹಾಕಿಕೊಳ್ಳಬೇಡಿ. ಅದಕ್ಕಿಂತ ಹೆಚ್ಚಾದರೆ ಕುಡಿದ ಶಕ್ತಿ ಕುಡಿಯುವುದಕ್ಕೇ ಖರ್ಚು. ಉಳಿದದ್ದನ್ನು ಹಿಂಡಿ ತೆಗೆದು ಒಳಲೆಯಲ್ಲಿ, ತಲೆ ಎತ್ತಿ ಹಿಡಿದು, ಸ್ವಲ್ಪಸ್ವಲ್ಪವಾಗಿ ಹಾಕಿ. ಎರಡರಿಂದ ಎರಡೂವರೆ ತಾಸಿಗೊಮ್ಮೆ ಕೊಡಿ. ನಮ್ಮ ಬೇಸಿಗೆಯಲ್ಲಿ ಹಿಂಡಿದ ಹಾಲನ್ನು ಹೊರಗೆ ಒಂದು ತಾಸಿಗಿಂತ ಹೆಚ್ಚು ಇಡಬೇಡಿ.

ಸಾಮಾನ್ಯ ಕೂಸಿಗಿಂತ ಇವುಗಳಿಗೆ ಹೆಚ್ಚು ಶಕ್ತಿ ಬೇಕು: ಒಂದು ಕಿಲೋ ತೂಕಕ್ಕೆ ದಿನಕ್ಕೆ 120ರಿಂದ 150 ಕ್ಯಾಲೊರಿ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರುವುದು ಗುರಿ. ಅಂಗನವಾಡಿಯ ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ವಾರಕ್ಕೊಮ್ಮೆ ತೂಗಿಸಿ. ಎರಡು ವಾರ ತೂಕ ನಿಂತರೆ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರಿಗೆ ತೋರಿಸಿ. ಔಷಧ ಹೆಚ್ಚಿಸುವುದೋ, ಹಾಲಿನ ಶಕ್ತಿ ಹೆಚ್ಚಿಸುವುದೋ, ಆಪರೇಷನ್ ಮುಂಚೆ ಮಾಡುವುದೋ ಅವರು ನೋಡುತ್ತಾರೆ. ಹಾಲಿಗೆ ನೀರು ಬೆರೆಸಬೇಡಿ. ಆರು ತಿಂಗಳಾದ ಮೇಲೆ ಅಕ್ಕಿ-ಬೇಳೆಯ ಮೆತ್ತನೆ ಕಿಚಡಿ, ರಾಗಿ ಇಲ್ಲವೇ ಜೋಳದ ಹಿಟ್ಟಿನ ಗಂಜಿ, ಪ್ರತಿ ಬಟ್ಟಲಿಗೆ ಒಂದು ಟೀ ಚಮಚ ತುಪ್ಪ. ಆ ತುಪ್ಪದಲ್ಲೇ ಸುಮಾರು 45 ಕ್ಯಾಲೊರಿ ಇದೆ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದೂ ಬೇಡ, ಮಂಪರು ಬಂದದ್ದು ಯಾವುದರಿಂದ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಆಪರೇಷನ್ ಆದ ಮೇಲೆ ಅಳು ಗೊಗ್ಗರಾಗಿ, ಹಾಲು ಕುಡಿಯುವಾಗ ಕೆಮ್ಮಿದರೆ ನೆಗಡಿ ಎಂದು ಬಿಡಬೇಡಿ. ಧ್ವನಿಪೆಟ್ಟಿಗೆಯ ನರ ಹೃದಯದ ಪಕ್ಕದಲ್ಲೇ ಹಾಯುತ್ತದೆ, ಅದಕ್ಕೆ ಪೆಟ್ಟಾಗಿ ಹಾಲು ಶ್ವಾಸಕೋಶಕ್ಕೆ ಹೋಗುತ್ತಿರಬಹುದು.

ನೀಲಿ ಕೂಸಿಗೆ ರಾಯಚೂರಿನ ಬಿಸಿಲು

ಆಮ್ಲಜನಕ ಕಡಿಮೆ ಇರುವ ಮೈ ಅದನ್ನು ಸರಿದೂಗಿಸಲು ಕೆಂಪು ರಕ್ತಕಣಗಳನ್ನು ಹೆಚ್ಚು ಮಾಡುತ್ತದೆ. ನೀರಿನಂಶ ಇಳಿದರೆ ಆ ರಕ್ತ ಗಂಜಿಯಂತೆ ಗಟ್ಟಿಯಾಗಿ, ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಮನೆಯೊಳಗೆ ಇನ್ನೂ ಕೆಟ್ಟದು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲನ್ನೇ ಹೆಚ್ಚು ಸಲ ಕೊಡಿ, ದೊಡ್ಡ ಕೂಸಿಗೆ ನೀರೂ ಕೊಡಿ. ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಉಚ್ಚೆ ಹೊಯ್ದರೆ, ನೆತ್ತಿ ಒಳಗಿಳಿದರೆ ನೀರು ಸಾಲುತ್ತಿಲ್ಲ. ಭೇದಿ-ವಾಂತಿ ಶುರುವಾದರೆ ಓಆರ್‌ಎಸ್ ಕೊಡುತ್ತ ಅದೇ ದಿನ ಆಸ್ಪತ್ರೆಗೆ ಹೋಗಿ, ಉಚ್ಚೆ ಹೆಚ್ಚಿಸುವ ಔಷಧ ನಿಲ್ಲಿಸಬೇಕೇ ಎಂದು ಕೇಳಿ. ಬೆಂಗಳೂರಿಗೆ ಹೋಗುವುದಿದ್ದರೆ ರಾತ್ರಿ ರೈಲು ಹಿಡಿಯಿರಿ.

ಇಲ್ಲೇ ಬಹಳ ಕಡೆ ಎಡವುವುದು: ನೀಲಿ ಕೂಸಿನ ಹಿಮೋಗ್ಲೋಬಿನ್ 11 ಬಂದರೆ ರಿಪೋರ್ಟು 'ನಾರ್ಮಲ್' ಎನ್ನುತ್ತದೆ. ಆಕ್ಸಿಜನ್ 80 ಇರುವ ಕೂಸಿಗೆ ಅದು ರಕ್ತಹೀನತೆಯೇ. ಕಬ್ಬಿಣಾಂಶ ಕಡಿಮೆಯಾದರೆ ಮಿದುಳಿನ ಬೆಳವಣಿಗೆ ಕುಂಠಿತ, ಮೇಲಾಗಿ ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಕೇಳಿ ಮಾಡಿಸಿ. ಕಬ್ಬಿಣದ ಡ್ರಾಪ್ಸ್ ಎಷ್ಟು ಎನ್ನುವುದು ಡಾಕ್ಟರ್ ಹೇಳಿದಂತೆ. ವರ್ಷದೊಳಗೆ ಆಕಳು, ಎಮ್ಮೆ ಹಾಲು ಮುಖ್ಯ ಆಹಾರವಾಗುವುದು ಬೇಡ, ಅದು ಕಬ್ಬಿಣವನ್ನು ಇನ್ನೂ ಇಳಿಸುತ್ತದೆ.

ನೀಲಿ ದೋಷದಲ್ಲಿ ಅಶುದ್ಧ ರಕ್ತ ನೇರವಾಗಿ ಮೈಗೆ ಹರಿಯುತ್ತದೆ. ಹಾಗಾಗಿ ಸಲೈನ್ ನಳಿಕೆಯಲ್ಲಿನ ಗಾಳಿಗುಳ್ಳೆ ಶ್ವಾಸಕೋಶದಲ್ಲಿ ಸೋಸಿಹೋಗದೆ ಮಿದುಳಿಗೇ ಸೇರಬಹುದು. ಕೈಗೆ ಸೂಜಿ ಹಾಕುವ ಸಿಸ್ಟರ್‌ಗೆ ಪ್ರತಿ ಸಲವೂ "ಇವನಿಗೆ ನೀಲಿ ಹೃದಯದ ತೊಂದರೆ ಐತಿ, ಗುಳ್ಳೆ ಹೋಗಬಾರದು" ಅನ್ನಿ. ಅವರು ಬೇಸರಪಟ್ಟರೆ ಪಡಲಿ.

ಒಮ್ಮೆಲೇ ಕಪ್ಪೇರುವುದನ್ನು ತಡೆಯಲು ಕೊಡುವ ಪ್ರೊಪ್ರನೊಲಾಲ್ ಔಷಧ ಕುಡಿಯುವ ಕೂಸು ಹಾಲು ಬಿಟ್ಟಿದ್ದರೆ, ವಾಂತಿ ಮಾಡುತ್ತಿದ್ದರೆ, ಡಾಕ್ಟರಿಗೆ ಫೋನ್ ಮಾಡದೆ ಖಾಲಿ ಹೊಟ್ಟೆಯಲ್ಲಿ ಆ ಡೋಸ್ ಕೊಡಬೇಡಿ. ರಕ್ತದ ಸಕ್ಕರೆ ಇಳಿದು ಫಿಟ್ಸ್ ಬರಬಹುದು.

ಎರೆಯುವುದು, ಎತ್ತುವುದು

ಎರೆಯುವ ಅಜ್ಜಿಯ ಕೈ ಎಷ್ಟು ಪಳಗಿದ್ದರೂ ಈ ಕೂಸಿಗೆ ಆ ಪದ್ಧತಿ ಬದಲಾಗಬೇಕು. ಬಿಸಿ ನೀರು ಸುರಿದರೆ ಮೈಯ ರಕ್ತನಾಳ ಸಡಿಲಾಗುತ್ತವೆ, ಮೇಲೆ ಜೋರು ಅಳು ಸೇರಿದರೆ ನೀಲಿ ಕೂಸು ಇನ್ನಷ್ಟು ಕಪ್ಪಾಗುತ್ತದೆ. ಮೊಣಕೈಗೆ ಬೆಚ್ಚಗೆನಿಸುವಷ್ಟೇ ನೀರು, ಐದು ನಿಮಿಷ ಸಾಕು. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಕೈಕಾಲು ಜಗ್ಗುವುದು ಬೇಡ. ಲೋಬಾನದ ಹೊಗೆಯೂ ಬೇಡ. ಎಣ್ಣೆ ಹಚ್ಚಿ ಮೆಲ್ಲಗೆ ಸವರುವುದಕ್ಕೆ ಅಡ್ಡಿಯಿಲ್ಲ, ಹೊಲಿಗೆಯ ಜಾಗ ಬಿಟ್ಟು.

ಎದೆಮೂಳೆ ಸೀಳಿ ಆಪರೇಷನ್ ಆಗಿದ್ದರೆ ಆರರಿಂದ ಎಂಟು ವಾರ ಕಂಕುಳಲ್ಲಿ ಕೈಹಾಕಿ ಎತ್ತಬಾರದು, ಕೈ ಹಿಡಿದು ಎಳೆಯಬಾರದು. ಒಂದು ಕೈ ತಲೆ-ಕುತ್ತಿಗೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ ಕೊಟ್ಟು ಒಟ್ಟಿಗೆ ಎತ್ತಿ. ನೋಡಲು ಬರುವ ನೆಂಟರಿಗೂ ಮೊದಲೇ ಹೇಳಿ.

ಆಟ

ಅತ್ತರೆ ನೀಲಿಯಾಗುತ್ತದೆ ಎಂಬ ಹೆದರಿಕೆಗೆ ಕೂಸನ್ನು ದಿನವಿಡೀ ತೊಡೆಯ ಮೇಲೆ, ತೊಟ್ಟಿಲಲ್ಲಿ ಇಡುತ್ತಾರೆ. ನೆಲ ಕಾಣದ ಕೂಸಿಗೆ ಕುತ್ತಿಗೆ, ಬೆನ್ನು ಗಟ್ಟಿಯಾಗುವುದಾದರೂ ಹೇಗೆ? ಮನೆಯಲ್ಲೇ ಸರಿಪಡಿಸಬಹುದಾದ ದೊಡ್ಡ ತಪ್ಪು ಇದು.

ಹಾಲು ಕುಡಿದು ಅರ್ಧ-ಮುಕ್ಕಾಲು ತಾಸಾದ ಮೇಲೆ ಅಪ್ಪನೋ ಅವ್ವನೋ ದಿಂಬಿಗೆ ಒರಗಿ, ಕೂಸನ್ನು ತಮ್ಮ ಎದೆಯ ಮೇಲೆ ಬೋರಲು ಮಲಗಿಸಿಕೊಳ್ಳಬೇಕು. ಮೊದಲು ಎರಡು ನಿಮಿಷ, ದಿನಕ್ಕೆ ನಾಲ್ಕೈದು ಸಲ, ತಾಳಿದಂತೆ ಹೆಚ್ಚಿಸುತ್ತ ಹೋಗಿ. ಬೆವರು, ಏದುಸಿರು, ತುಟಿ ಕಪ್ಪೇರುವುದು ಕಂಡರೆ ನಿಲ್ಲಿಸಿ. ಆಪರೇಷನ್ ಆಗಿದ್ದರೆ ಸರ್ಜನ್ ಒಪ್ಪಿದ ಮೇಲೆ ಮಾತ್ರ. ಅಲ್ಲಿಯವರೆಗೆ ಬೆನ್ನಿಗೆ ಸುತ್ತಿದ ಟವೆಲ್ ಒತ್ತುಕೊಟ್ಟು ಮಗ್ಗುಲಾಗಿಸಿ ಆಡಿಸಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

ಮುಖವನ್ನು ಒಂದು ಅಡಿಗಿಂತ ಸ್ವಲ್ಪ ಹತ್ತಿರ ತಂದು ಮಾತಾಡಿ, ಆಮೇಲೆ ಸುಮ್ಮನಿದ್ದು ಕಾಯಿರಿ. ಅದು 'ಊಂ' ಅಂದರೆ ನೀವೂ 'ಊಂ' ಅನ್ನಿ. ಮೂರು ತಿಂಗಳಿಗೆ ಗಿಲಕಿ ಮುಟ್ಟಿಸಿ, ಆರಕ್ಕೆ ಸ್ಟೀಲ್ ಚಮಚ, ಬಟ್ಟಲು ಕೈಗೆ ಕೊಡಿ. ಆಟ ಐದೈದು ನಿಮಿಷ, ಕೂಸು ಮುಖ ತಿರುಗಿಸಿದರೆ ಬಿಡಿ. ಮೊಬೈಲ್ ಎರಡು ವರ್ಷದವರೆಗೆ ಬೇಡ, ಉಣಿಸುವುದಕ್ಕೂ ಬೇಡ.

ಯಾವಾಗ ಕೇಳಬೇಕು

ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಾದರೂ ಕುತ್ತಿಗೆ ನಿಲ್ಲದಿದ್ದರೆ, ಹತ್ತಾದರೂ ಆಸರೆಯಿಲ್ಲದೆ ಕೂಡದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ತೋರಿಸಿ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವುದನ್ನು 'ಎಡಚ' ಎಂದು ನಗಬೇಡಿ, ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ತಿಂಗಳು ತುಂಬದೆ ಹುಟ್ಟಿದ್ದರೆ ಆ ವಾರಗಳನ್ನು ಎರಡು ವರ್ಷದವರೆಗೆ ಕಳೆದು ಲೆಕ್ಕ ಹಾಕಿ. ಉಚ್ಚೆ ಹೆಚ್ಚಿಸುವ ಫ್ಯೂರೋಸೆಮೈಡ್ ಜೊತೆ ಜೆಂಟಾಮೈಸಿನ್‌ನಂಥ ಇಂಜೆಕ್ಷನ್ ಆಗಿದ್ದರೆ ಕಿವಿಗೆ ಪೆಟ್ಟು ಬಿದ್ದಿರಬಹುದು, ಕಿವಿ ಕೇಳುವುದನ್ನು ಅಳೆಯುವ ಬೇರಾ ಪರೀಕ್ಷೆ ಮಾಡಿಸಿ.

ಆಶಾ ಕಾರ್ಯಕರ್ತೆ ಇಲ್ಲವೇ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡದ ಮೂಲಕ ಜಿಲ್ಲೆಯ ಡಿಇಐಸಿ (ಬೆಳವಣಿಗೆಯ ತಡವನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ) ಕೇಂದ್ರಕ್ಕೆ ಚೀಟಿ ಪಡೆಯಿರಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಎಂಬ ಈ ಸರ್ಕಾರಿ ಯೋಜನೆಯಲ್ಲಿ ಹೃದಯದ ಚಿಕಿತ್ಸೆಯೂ, ಬೆಳವಣಿಗೆಯ ತಪಾಸಣೆಯೂ, ಫಿಸಿಯೋಥೆರಪಿಯೂ 18 ವರ್ಷದವರೆಗೆ ಉಚಿತ. ತಡ ಕಾಣದಿದ್ದರೂ 9, 18, 24 ತಿಂಗಳಿಗೆ ಮತ್ತು ಒಂದನೇ ತರಗತಿಗೆ ಮುಂಚೆ ಒಮ್ಮೊಮ್ಮೆ ನೋಡಿಸಿ.

ಕೂಸು ಒಮ್ಮೆಲೇ ಕಪ್ಪೇರಿ ಏದುಸಿರು ಬಿಟ್ಟರೆ ಎರಡೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹೆಗಲಿಗೆ ಹಾಕಿಕೊಳ್ಳಿ, ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ತಾನಾಗಿ ತಿಳಿಯಾದರೂ ಅದೇ ದಿನ ಹೃದಯದ ಡಾಕ್ಟರಿಗೆ ತಿಳಿಸಬೇಕು. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈಕಾಲು ಆಡದಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಹತ್ತಿರದ ಚಿಕ್ಕ ದವಾಖಾನೆಯಲ್ಲಿ ಹೊತ್ತು ಕಳೆಯದೆ ನೇರವಾಗಿ ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಒಯ್ಯಿರಿ, ತಾಯಿ ಕಾರ್ಡು ಕೈಯಲ್ಲಿರಲಿ.