‘ಬಿಲೀವ್’ ಹಾಡಿನ ಆ ದನಿಯನ್ನು ನಾನು ಕಟ್ಟಿದ ಬಗೆ

ಅಮೆರಿಕದ ಗಾಯಕಿ ಶೇರ್ ಅವರ ‘ಬಿಲೀವ್’ ಹಾಡನ್ನು ಧ್ವನಿಮುದ್ರಣದ ಕಸುಬಿನವರು ಒಮ್ಮೆಯಾದರೂ ಬಿಡಿಸಿ ನೋಡಬೇಕು. 1998ರ ಅಕ್ಟೋಬರಿನಲ್ಲಿ ಅದು ಹೊರಬಂದಾಗ ಅವರಿಗೆ 52 ವರ್ಷ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದಕ್ಕೂ ಹಿಂದೆ ಅವರು ಮೊದಲ ಸ್ಥಾನ ಕಂಡದ್ದು 1974ರಲ್ಲಿ. ಈ ಹಾಡು ಬ್ರಿಟನ್ನಿನಲ್ಲಿ ಏಳು ವಾರ, 1999ರ ಮಾರ್ಚ್‌ನಿಂದ ಅಮೆರಿಕದಲ್ಲಿ ನಾಲ್ಕು ವಾರ ತುದಿಯಲ್ಲಿತ್ತು. ಮರುವರ್ಷ ಗ್ರ್ಯಾಮಿಯೂ ಬಂತು. ಕುಣಿತದ ತಾಳ, ಸುಲಭವಾಗಿ ಬಾಯಿಗೆ ಬರುವ ಪಲ್ಲವಿ ಆ ಕಾಲದ ಎಷ್ಟೋ ಹಾಡುಗಳಲ್ಲಿದ್ದವು. ಚರಣದಲ್ಲಿ ದನಿ ಇದ್ದಕ್ಕಿದ್ದಂತೆ ಮುರಿದು ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುವುದು ಮಾತ್ರ ಹೆಚ್ಚಿನವರ ಕಿವಿಗೆ ತೀರ ಹೊಸದಾಗಿತ್ತು.

ಬೆಂಗಳೂರಿನಲ್ಲಿ ಭಾವಗೀತೆ, ಭಕ್ತಿಗೀತೆಗಳ ಮುದ್ರಣ ನನ್ನ ಜೀವನೋಪಾಯ. ಸ್ನೇಹಿತರ ನೃತ್ಯತಂಡವೊಂದು ಕನ್ನಡದಲ್ಲಿ ಅಂಥದ್ದೇ ಒಂದು ಹಾಡು ಬೇಕೆಂದು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ.

ಆ ದನಿಯ ಹಿಂದಿರುವುದು ಆಟೋ-ಟ್ಯೂನ್ ಎಂಬ ತಂತ್ರಾಂಶ. ತೈಲ ಶೋಧನೆಗಾಗಿ ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಅದನ್ನು ರೂಪಿಸಿದರು. 1997ರಲ್ಲಿ ಅವರ ಆಂಟಾರೆಸ್ ಸಂಸ್ಥೆ ಮಾರುಕಟ್ಟೆಗೆ ತಂದಿತು. ದನಿಯ ಅಲೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ಅಳೆದು, ಅದು ಯಾವ ಸ್ವರವೆಂದು ತಿಳಿದು, ಹತ್ತಿರದ ಸರಿಯಾದ ಸ್ವರಕ್ಕೆ ಅದನ್ನು ಎಳೆಯುವುದು ಅದರ ಕೆಲಸ. ಎಷ್ಟು ಬೇಗ ಎಳೆಯಬೇಕೆಂಬುದನ್ನು ನಾವೇ ಹೇಳಬಹುದು. ಮೆಲ್ಲಗೆ ಎಳೆದರೆ ಕೇಳುಗರಿಗೆ ತಿಳಿಯುವುದೇ ಇಲ್ಲ. ನಿರ್ಮಾಪಕರಾದ ಮಾರ್ಕ್ ಟೇಲರ್ ಮತ್ತು ಬ್ರಯನ್ ರಾಲಿಂಗ್ ಆ ವೇಗದ ಗುಂಡಿಯನ್ನು ಸೊನ್ನೆಗೆ, ಅಂದರೆ ಒಂದಿಷ್ಟೂ ತಡವಿಲ್ಲದೆ ತಕ್ಷಣ ಎಳೆಯುವಂತೆ, ಇಳಿಸಿದರು. ಬ್ರಿಟನ್ನಿನ ‘ಸೌಂಡ್ ಆನ್ ಸೌಂಡ್’ ಪತ್ರಿಕೆಗೆ ಅದು ದನಿಯನ್ನು ವಾದ್ಯದ ನಾದದೊಂದಿಗೆ ಬೆಸೆಯುವ ವೋಕೋಡರ್ ಉಪಕರಣದ ಕೆಲಸವೆಂದು ಹೇಳಿ ಗುಟ್ಟನ್ನು ಕೆಲಕಾಲ ಕಾಪಾಡಿಕೊಂಡರು.

ಸೊನ್ನೆಗೆ ಇಳಿಸುವುದು ಒಂದು ಗುಂಡಿಯ ಕೆಲಸ. ನನ್ನ ಶ್ರಮವೆಲ್ಲ ಅದಕ್ಕೂ ಮೊದಲು, ಹಾಡಿಸುವುದರಲ್ಲಿ ಇತ್ತು.

ನಮ್ಮ ಹಾಡಿಗೂ ಮೂಲದಂತೆ ನಿಮಿಷಕ್ಕೆ 133 ಬಡಿತಗಳ ಗತಿಯನ್ನೇ ಇಟ್ಟುಕೊಂಡೆ. ಪ್ರತಿ ಬಡಿತಕ್ಕೂ ಕಿಕ್ ಡ್ರಮ್. ಮೂಲ ಹಾಡಿನ ಶ್ರುತಿ ಎಫ್ ಶಾರ್ಪ್, ನಮ್ಮ ಹಾರ್ಮೋನಿಯಂನವರು ಹೇಳುವ ಕಪ್ಪು ಮೂರು. ನಮ್ಮ ಗಾಯಕಿಗೆ ಅದು ಹೊಂದಲಿಲ್ಲವಾದ್ದರಿಂದ ಅವರ ಕಂಠಕ್ಕೆ ತಕ್ಕ ಶ್ರುತಿ ಇಟ್ಟೆ. ಅವರು ಕರ್ನಾಟಕ ಸಂಗೀತ ಕಲಿತವರು. ದೀರ್ಘ ಸ್ವರ ಬಂದಲ್ಲೆಲ್ಲ ತಾನಾಗಿ ಕಂಪಿತ, ಅಂದರೆ ಸ್ವರವನ್ನು ಅಲುಗಿಸುವ ಗಮಕ, ಬರುತ್ತದೆ. ಸೊನ್ನೆ ವೇಗದಲ್ಲಿ ಈ ಕಂಪಿತ ಯಂತ್ರಕ್ಕೆ ಸಿಕ್ಕಿದರೆ ದನಿ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಪಟಪಟನೆ ಹಾರಾಡುತ್ತದೆ. ಕಿವಿಗೆ ಅದು ಹಿತವಲ್ಲ. ಜಾರು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ, ಸಿಕ್ಕರೆ ಆಗುವುದೇ ಬೇರೆ. ಗಾಂಧಾರದಿಂದ ಪಂಚಮಕ್ಕೆ ನಯವಾಗಿ ಏರಿದ ದನಿ ನಡುವಿನ ಸ್ವರಗಳ ಮೇಲೆ ಒಂದೊಂದು ಕ್ಷಣ ನಿಂತು, ಮೆಟ್ಟಿಲುಗಳಾಗಿ ಕತ್ತರಿಸಿಹೋಗುತ್ತದೆ. ‘ಬಿಲೀವ್’ ಕೇಳಿ ಮೈ ನವಿರೇಳುವುದು ಇದಕ್ಕೇ.

“ಸ್ವರವನ್ನು ನೇರವಾಗಿ ಹಿಡಿಯಿರಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ಧಾರಾಳವಾಗಿ ಜಾರಿ,” ಎಂದು ಕೇಳಿಕೊಂಡೆ. “ಕಂಪಿತ ಪೂರ್ತಿ ಬಿಡಬೇಕೇ ಸರ್?” ಎಂದರು. ಚರಣದಲ್ಲಿ ಬಿಡಿ, ಪಲ್ಲವಿಯಲ್ಲಿ ನಿಮ್ಮಿಷ್ಟ ಎಂದೆ. ಯಂತ್ರದ ದನಿಯನ್ನೇ ಹೆಡ್‌ಫೋನಿನಲ್ಲಿ ಕೇಳಿಸಿದ್ದು ಬಹಳ ನೆರವಾಯಿತು. ಎಲ್ಲಿ ಜಾರಿದರೆ ಎಲ್ಲಿ ಮುರಿಯುತ್ತದೆ ಎಂಬುದು ಕೇಳಿಸತೊಡಗಿದ ಮೇಲೆ ಅವರು ಅದನ್ನೊಂದು ವಾದ್ಯದಂತೆ ನುಡಿಸತೊಡಗಿದರು. ಅಂಥ ಕಲಾವಿದರ ಜೊತೆ ಕೆಲಸ ಮಾಡುವುದು ನನ್ನ ಭಾಗ್ಯ.

ತಾಂತ್ರಿಕವಾಗಿ ಇನ್ನು ಕೆಲವೇ ಮಾತು. ಮೈಕಿಗೆ ಹತ್ತಿರ ನಿಲ್ಲಿಸಿ, ಪ್ರತಿಧ್ವನಿಯಿಲ್ಲದೆ ಮುದ್ರಿಸಿಕೊಳ್ಳಬೇಕು. ಹೆಡ್‌ಫೋನಿನ ಸಂಗೀತ ಮೈಕಿಗೆ ಸೋರಿದರೆ ಯಂತ್ರಕ್ಕೆ ಸ್ವರ ಗುರುತಿಸುವುದು ಕಷ್ಟ. ಆಟೋ-ಟ್ಯೂನ್ ಮೊದಲು, ದನಿಯ ಏರಿಳಿತವನ್ನು ಸಮಮಾಡುವ ಕಂಪ್ರೆಸರ್ ಆಮೇಲೆ, ಪ್ರತಿಧ್ವನಿ ಕೊಡುವ ರಿವರ್ಬ್ ಕೊನೆಗೆ. ಸ್ವರಗಳ ಆಯ್ಕೆ ಬಹಳ ಮುಖ್ಯ. ಹನ್ನೆರಡು ಸ್ವರಗಳನ್ನೂ ತೆರೆದಿಟ್ಟರೆ ಮೆಟ್ಟಿಲುಗಳು ಸಣ್ಣವಾಗುತ್ತವೆ. ಹಾಡಿಗೆ ಬೇಕಾದ ಏಳನ್ನೇ ಇಟ್ಟುಕೊಂಡರೆ ನೆಗೆತ ದೊಡ್ಡದಾಗುತ್ತದೆ. ನಾನು ಒಂದು ಸಾಲಿನಲ್ಲಿ ಮಧ್ಯಮವನ್ನೂ ತೆಗೆದುಹಾಕಿದೆ. ಗಾಂಧಾರದಿಂದ ಪಂಚಮಕ್ಕೆ ದನಿ ಒಂದೇ ಏಟಿಗೆ ಹಾರಿತು. ಇಡೀ ಹಾಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಅದು.

ಆ ಸಾಲಿನಂತೆಯೇ ಚರಣದ ಇನ್ನು ಕೆಲವು ಪದಗಳಿಗೆ ಮಾತ್ರ ಸೊನ್ನೆ ವೇಗ ಕೊಟ್ಟು, ಉಳಿದುದನ್ನು ಮುಟ್ಟದೆ ಬಿಟ್ಟೆ. ಶೇರ್ ಅವರ ಹಾಡಿನಲ್ಲೂ ಚರಣದ ಆಯ್ದ ಪದಗಳು ಯಂತ್ರದವು. ಪಲ್ಲವಿಗೆ ಬರುವಾಗ ಅವರ ದಪ್ಪನೆಯ, ತುಂಬುದನಿ ಬಹುಮಟ್ಟಿಗೆ ಹಾಗೆಯೇ ತೆರೆದುಕೊಳ್ಳುತ್ತದೆ. ಕಟ್ಟಿಹಾಕಿದ ದನಿ ಬಿಡುಗಡೆಯಾದಂತೆ ಅನ್ನಿಸುವುದು ಅದಕ್ಕಾಗಿಯೇ. ಆ ಪಲ್ಲವಿಯೂ ಯಂತ್ರದ ದನಿಯಲ್ಲೇ ಬಂದಿದ್ದರೆ ಹಾಡು ಇಷ್ಟು ದೇಶಗಳಲ್ಲಿ, ಇಷ್ಟು ಕಾಲ ಉಳಿಯುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ನೃತ್ಯತಂಡದ ಅಭ್ಯಾಸದಲ್ಲೂ ಅದನ್ನೇ ಕಂಡೆ: ಚರಣದಲ್ಲಿ ಮೈಯನ್ನು ಬಿಗಿಹಿಡಿದು ತುಂಡುತುಂಡಾಗಿ ಕುಣಿಯುತ್ತಿದ್ದವರು, ಯಾರೂ ಹೇಳಿಕೊಡದಿದ್ದರೂ, ಪಲ್ಲವಿ ಬಂದೊಡನೆ ತೋಳು ಬಿಚ್ಚಿ ಹರಡಿಕೊಂಡರು.

ಈಚೆಗೆ ಹೊಸ ಗಾಯಕರು ಬಂದು ಪೂರ್ತಿ ಹಾಡಿಗೆ ಈ ಪರಿಣಾಮ ಬೇಕೆಂದು ಕೇಳುತ್ತಾರೆ. ಚರಣದ ಒಂದು ಸಾಲಿಗೆ ಮಾತ್ರ ಹಾಕಿದ ಪ್ರತಿಯನ್ನು ಮೊದಲು ಕೇಳಿಸುತ್ತೇನೆ. ಹೆಚ್ಚಿನವರು ಅದನ್ನೇ ಮನೆಗೆ ಒಯ್ಯುತ್ತಾರೆ.