ಖಿನ್ನತೆಯಿರುವ ಹಿರಿಯರು ಆಸ್ಪತ್ರೆಯಿಂದ ಮನೆಗೆ ಬಂದಾಗ ನೋಡಿಕೊಳ್ಳುವುದು ಹೇಗೆ?

ಡಿಸ್ಚಾರ್ಜ್ ಆಯಿತು ಅಂದರೆ ಪೂರ್ತಿ ಹುಷಾರಾದರು ಅಂತ ಮನೆಯವರು ನಿರಾಳವಾಗಿಬಿಡುತ್ತಾರೆ. ಆದರೆ ಜಾಸ್ತಿ ಜೋಪಾನ ಬೇಕಾಗಿರುವುದು ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲೇ.

ಆಸ್ಪತ್ರೆ ಬಿಡುವಾಗಲೇ ಚೀಟಿ ಹಿಡಿದು ಕೇಳಿ: ಯಾವ ಮಾತ್ರೆ, ಯಾವ ಹೊತ್ತಿಗೆ, ಮತ್ತೆ ಬರುವುದು ಯಾವತ್ತು. ಬಿಪಿ, ಶುಗರ್ ಮಾತ್ರೆಗಳನ್ನೂ ತೋರಿಸಿ. ಪ್ರತಿ ಸಲ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಲಾಗದ ಹೊಸನಗರ, ಸೊರಬದ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ ವಿಚಾರಿಸಿಟ್ಟುಕೊಳ್ಳಿ.

ಖಿನ್ನತೆಯ ಮಾತ್ರೆಯ ಗುಣ ಕಾಣಲು 2ರಿಂದ 4 ವಾರ ಬೇಕು. ವಯಸ್ಸಾದವರಲ್ಲಿ ಇನ್ನೂ ತಡವಾಗಬಹುದು. ಗೆಲುವಾದರು ಅಂತ ನೀವಾಗಿಯೇ ನಿಲ್ಲಿಸಬೇಡಿ. ಕೆಲವು ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿಯುವುದುಂಟು. ಇದ್ದಕ್ಕಿದ್ದಂತೆ ಗಲಿಬಿಲಿ, ಮಂಪರು, ತೂರಾಟ ಕಂಡರೆ ‘ವಯಸ್ಸಾಯ್ತಲ್ಲ’ ಅಂತ ಸುಮ್ಮನಿರದೆ ಅವತ್ತೇ ತೋರಿಸಿ.

ಇನ್ನು ದಿನ ಕಳೆಯುವ ವಿಚಾರ. ನಮ್ಮ ದೊಡ್ಡಮ್ಮ ಮನೆಗೆ ಬಂದಾಗ ಜೋರು ಮಳೆಗಾಲ. ಬೇಜಾರು ಅಂತ ಅವರು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಸೊಂಟ ನೋವು, ಊಟ ಸೇರಲ್ಲ, ಅಷ್ಟೇ. ‘ಧೈರ್ಯ ತಗೊಳ್ಳಿ, ನಿಮಗೇನು ಕಮ್ಮಿ’ ಅಂದಷ್ಟೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಒಂದು ಬೆಳಿಗ್ಗೆ ಅತ್ತಿಗೆ ಬಚ್ಚಲ ಒಲೆ ಮುಂದೆ ಮಣೆ ಹಾಕಿ ಕೂರಿಸಿ, ‘ಅತ್ತೆ, ಬೆಂಕಿ ಆರದ ಹಾಗೆ ನೋಡ್ಕೊಳ್ಳಿ’ ಅಂದರು. ಅವತ್ತು ದೊಡ್ಡಮ್ಮ ಸುಮ್ನೆ ಕೂತಿದ್ದರು. ಮೂರನೇ ದಿನ, ‘ಈ ಹಸಿ ಸೌದೆ ಯಾರು ತಂದಿಟ್ಟಿದ್ದು?’ ಅಂತ ಗದರಿದರು. ಆ ಬೈಗುಳ ಕೇಳಿ ನಮಗೆಲ್ಲ ಕಣ್ಣು ತುಂಬಿತ್ತು. ಹೀಗೆ ಅವರು ಮೊದಲಿಂದ ಮಾಡುತ್ತಿದ್ದ ಕೆಲಸದಲ್ಲೇ ಒಂದು ಚೂರು ಕೊಡಿ. 10 ನಿಮಿಷದ್ದು ಸಾಕು. ಇವತ್ತು ಆಗದಿದ್ದರೆ ನಾಳೆ.

ತೋಟದ ಮನೆಗಳಲ್ಲಿ ಕಳೆನಾಶಕ, ಮೈಲುತುತ್ತ ಕೈಗೆ ಸಿಗುವ ಹಾಗೇ ಇರುತ್ತವೆ. ದಯವಿಟ್ಟು ಬೀಗ ಹಾಕಿಡಿ. ಮಾತ್ರೆ ಡಬ್ಬಿಯೂ ನಿಮ್ಮ ಹತ್ತಿರವೇ ಇರಲಿ. ‘ಸಾಕಾಗಿದೆ, ಹೋಗಿಬಿಟ್ರೆ ಸಾಕು’ ಅಂದರೆ ಮಾತು ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವ ಸೊಸೆಯೋ ಮಗನೋ ನಿದ್ದೆಗೆಟ್ಟು ಸೋತುಹೋಗಿದ್ದರೆ ಅವರೂ ಇದೇ ನಂಬರಿಗೆ ಮಾಡಬಹುದು.