ಜಠರದ ಮಾಲ್ಟ್ ಲಿಂಫೋಮಾ: ಹಿರಿಯರಿಗೆ ಆ್ಯಂಟಿಬಯೋಟಿಕ್ ಚಿಕಿತ್ಸೆ ನಡೆಸುವ ಕ್ರಮ

ಜಠರದಲ್ಲಿ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಕಂಡುಬಂದ ಮಾತ್ರಕ್ಕೆ ವಯಸ್ಸಾದವರನ್ನು ಕೀಮೋಥೆರಪಿಗೆ ಸಿದ್ಧಪಡಿಸಬೇಕೆಂದಿಲ್ಲ. ಅದು ಒಳಪೊರೆಯ ಲಿಂಫ್ ಅಂಗಾಂಶದಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುವ ಮಾಲ್ಟ್ ಬಗೆಯದೇ, ಜಠರಕ್ಕಷ್ಟೇ ಸೀಮಿತವಾಗಿದೆಯೇ, ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು ಇದೆಯೇ ಎಂಬುದನ್ನು ಮೊದಲು ವೈದ್ಯರಿಂದ ಕೇಳಿ ತಿಳಿಯಬೇಕು. ಈ ಬ್ಯಾಕ್ಟೀರಿಯಾ ಹುಟ್ಟಿಸುವ ಉರಿಯೂತವೇ ಲಿಂಫೋಮಾ ಕೋಶಗಳಿಗೆ ಆಸರೆಯಾಗಿರುವುದರಿಂದ, ಸೋಂಕು ತೊಲಗಿದರೆ ಗಡ್ಡೆಯೂ ಕರಗುವುದುಂಟು. ಆ್ಯಂಟಿಬಯೋಟಿಕ್‌ಗಳಿಂದ ಸೋಂಕು ತೊಲಗಿಸುವ, 1993ರಲ್ಲಿ ಮೊದಲು ವರದಿಯಾದ ಈ ಕ್ರಮವು ಆರಂಭದ ಹಂತದಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಫಲ ಕೊಡುತ್ತದೆ.

ಆಮ್ಲ ತಗ್ಗಿಸುವ ಮಾತ್ರೆಯ ಜೊತೆಗೆ ಅಮಾಕ್ಸಿಸಿಲಿನ್ ಮತ್ತು ಕ್ಲಾರಿಥ್ರೋಮೈಸಿನ್, ಅಥವಾ ಬಿಸ್ಮತ್, ಟೆಟ್ರಾಸೈಕ್ಲಿನ್ ಹಾಗೂ ಮೆಟ್ರೊನಿಡಜೋಲ್ ಸಾಮಾನ್ಯವಾಗಿ 14 ದಿನಗಳ ಕಾಲ ಇರುತ್ತವೆ. ಹಿರಿಯರಲ್ಲಿ ನಿಜವಾದ ತೊಡಕು ಇಲ್ಲಿಯೇ ಶುರುವಾಗುತ್ತದೆ, ಏಕೆಂದರೆ ಅವರು ಈಗಾಗಲೇ ನಾಲ್ಕೈದು ಮಾತ್ರೆ ನುಂಗುತ್ತಿರುತ್ತಾರೆ. ಕ್ಲಾರಿಥ್ರೋಮೈಸಿನ್ ಕೊಲೆಸ್ಟ್ರಾಲ್ ತಗ್ಗಿಸುವ ಸಿಮ್ವಾಸ್ಟಾಟಿನ್ ಜೊತೆ ಸೇರಿದರೆ ಸ್ನಾಯುಗಳಿಗೆ ಹಾನಿಯಾಗಬಹುದು. ಅದರಿಂದಲೇ ಹೃದಯದ ಔಷಧ ಡಿಗಾಕ್ಸಿನ್, ಗೌಟ್ ಕೀಲುನೋವಿನ ಔಷಧ ಕೋಲ್ಚಿಸಿನ್‌ಗಳ ಪ್ರಮಾಣ ರಕ್ತದಲ್ಲಿ ಅಪಾಯಕರವಾಗಿ ಏರಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರಲ್ಲಿ ಕ್ಲಾರಿಥ್ರೋಮೈಸಿನ್, ಮೆಟ್ರೊನಿಡಜೋಲ್ ಎರಡೂ ರಕ್ತಸ್ರಾವದ ಭಯ ಹೆಚ್ಚಿಸುತ್ತವೆ. ಆದ್ದರಿಂದ ಹೆಸರುಗಳನ್ನು ನೆನಪಿನಿಂದ ಹೇಳುವುದಕ್ಕಿಂತ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದಿಡುವುದೇ ಮೇಲು. ಪೆನಿಸಿಲಿನ್ ಅಲರ್ಜಿ, ಹೃದಯದ ಲಯದ ದೋಷ, ಮೂತ್ರಪಿಂಡದ ದೌರ್ಬಲ್ಯ ಇದ್ದರೆ ಅದನ್ನೂ ತಿಳಿಸಬೇಕು.

ಹೊತ್ತುಹೊತ್ತಿನ ಮಾತ್ರೆಗಳನ್ನು ಹಾಳೆಯಲ್ಲಿ ಬರೆದಿಟ್ಟು, ನುಂಗಿದಾಗಲೆಲ್ಲ ಗುರುತು ಹಾಕಿ. ನಡುವೆ ಬಿಟ್ಟ ಔಷಧ ಬ್ಯಾಕ್ಟೀರಿಯಾಕ್ಕೆ ಪ್ರತಿರೋಧ ಕಲಿಸುತ್ತದೆ. ಬಿಸ್ಮತ್‌ನಿಂದ ಮಲ ಕಪ್ಪಾಗುವುದು ಸಹಜವಾದರೂ, ಅದು ಟಾರಿನಂತೆ ಅಂಟಾಗಿದ್ದರೆ ಅಥವಾ ತಲೆಸುತ್ತು ಜೊತೆಗಿದ್ದರೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಡದ ಭೇದಿಯನ್ನೂ ಅಲಕ್ಷಿಸಬಾರದು.

ಚಿಕಿತ್ಸೆ ಮುಗಿದು ಕನಿಷ್ಠ ಆರು ವಾರಗಳಾದ ಮೇಲೆ ಸೋಂಕು ಹೋಗಿದೆಯೇ ಎಂದು ತಿಳಿಯಲು ಯೂರಿಯಾ ಉಸಿರಿನ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಎರಡು ವಾರ ಮೊದಲು, ವೈದ್ಯರನ್ನು ಕೇಳಿಯೇ, ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಇರುವ ಸೋಂಕೂ ಇಲ್ಲವೆಂದು ತೋರಬಹುದು. ಸೋಂಕು ಉಳಿದಿದ್ದರೆ ಬೇರೆ ಔಷಧಗಳೊಡನೆ ಮತ್ತೊಂದು ಸುತ್ತು ಬೇಕು.

ಬ್ಯಾಕ್ಟೀರಿಯಾ ಎರಡು ವಾರದಲ್ಲಿ ಹೋದರೂ ಲಿಂಫೋಮಾ ಮಾಯವಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಬೇಕು. ಎರಡು ಮೂರು ತಿಂಗಳ ನಂತರದ ಮೊದಲ ಎಂಡೋಸ್ಕೋಪಿಯಲ್ಲಿ ಉಳಿಕೆ ಕಂಡರೆ, ರೋಗ ಹರಡುತ್ತಿಲ್ಲವಾದರೆ, ಕಾದು ನೋಡುವುದೂ ಚಿಕಿತ್ಸೆಯ ಭಾಗವೇ. ರೋಗ ಮುಂದುವರಿದರೆ ಜಠರಕ್ಕೆ ಕಡಿಮೆ ಪ್ರಮಾಣದ ವಿಕಿರಣ ಅಥವಾ ಲಿಂಫೋಮಾ ಕೋಶಗಳನ್ನು ಗುರಿಯಾಗಿಸುವ ಪ್ರತಿಕಾಯ ಔಷಧ ರಿಟುಕ್ಸಿಮಾಬ್ ಇದೆ; ಗಡ್ಡೆಯ ಕೋಶಗಳಲ್ಲಿ ಟಿ(11;18) ಎಂಬ ವರ್ಣತಂತು ಬದಲಾವಣೆ ಇರುವವರಲ್ಲಿ ಈ ಮಾತು ಬೇಗನೆ ಬರಬಹುದು.